ಒಡವೆ ಅಡವಿಡುವ ಮುನ್ನ ನೆಲದ ಪರೀಕ್ಷೆ ಮಾಡಿಸಿ



ಹಾಲು ಕರೆಯುವ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ಕುಡಿಯುವ ನೀರು ಬೇಕು. ಹಸಿರು ಮೇವಿಗೆ ಬೇರೆ ನೀರು. ಹೀಗಾಗಿ ಬೋರ್‌ವೆಲ್ ಮಾತು ಬಂದಾಗ ಮೊದಲು ಅಡವಿಗೆ ಹೋಗುವುದು ನಿಮ್ಮ ಒಡವೆ. ಆದರೆ ಎಲ್ಲಿ ಕೊರೆಸಬೇಕೆಂದು ನಿಮ್ಮನ್ನು ಕೇಳುವವರು ಕಡಿಮೆ. ಇದು ಬದಲಾಗಬೇಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ನೆಲದಡಿ ಇರುವುದು ಬಹುಪಾಲು ಗಟ್ಟಿ ಬಂಡೆ. ಬಂಡೆ ಶಿಥಿಲವಾದ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಪಕ್ಕದ ಹೊಲದಲ್ಲಿ ನೀರು ಬಂದರೂ ನಮ್ಮಲ್ಲಿ ಬರೀ ಧೂಳು ಏಳುವುದು ಇದಕ್ಕೇ.

ಇದನ್ನು ತಿಳಿಯಲು ವಿದ್ಯುತ್ ರೋಧಕತೆ ಪರೀಕ್ಷೆ ಇದೆ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜರ್ ಅದಿರು ಹುಡುಕಲು 1912ರಲ್ಲಿ ಪ್ರಯೋಗಿಸಿದ ವಿಧಾನದಿಂದ ಬೆಳೆದದ್ದು ಇದು. ನಾಲ್ಕು ಸರಳುಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಹೊಡೆಯುತ್ತಾರೆ. ಹೊರಗಿನ ಎರಡರಿಂದ ವಿದ್ಯುತ್ ಹರಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಒಣ ಬಂಡೆ ವಿದ್ಯುತ್ತನ್ನು ತಡೆಯುತ್ತದೆ, ನೀರಿರುವ ಪದರ ಸುಲಭವಾಗಿ ಬಿಡುತ್ತದೆ. ಹೊರಗಿನ ಸರಳುಗಳನ್ನು ದೂರ ಸರಿಸಿದಷ್ಟೂ ಹೆಚ್ಚು ಆಳದ ಸುಳಿವು ಸಿಗುತ್ತದೆ.

ಇದು ನೀರಿನ ಗ್ಯಾರಂಟಿಯಲ್ಲ. ಜೇಡಿಮಣ್ಣೂ ವಿದ್ಯುತ್ತನ್ನು ಬಿಡುತ್ತದೆ. ಆಳದ ಸಣ್ಣ ಬಿರುಕು ಕಾಣದೆಯೂ ಹೋಗಬಹುದು. ಆದರೂ ತೆಂಗಿನಕಾಯಿ ಹಿಡಿದು ಗುರುತಿಸಿದ ಜಾಗಕ್ಕಿಂತ ಅಳೆದು ನೋಡಿದ ಜಾಗವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆ ನಡೆಯುವಾಗ ನೀವೇ ಹೊಲದಲ್ಲಿರಿ. ಎರಡು ಮೂರು ಜಾಗ ಅಳೆಯಲು ಹೇಳಿ. ಸರಳು ಎಷ್ಟು ದೂರ ಹೋಯಿತೆಂದು ನೋಡಿ. ನೂರು ಅಡಿ ತಂತಿ ಎಳೆದು 800 ಅಡಿಯಲ್ಲಿ ನೀರಿದೆ ಎನ್ನುವವರನ್ನು ನಂಬಬೇಡಿ. ಅಳತೆಯ ಪಟ್ಟಿ, ನಕ್ಷೆ ಎರಡನ್ನೂ ಬರಹದಲ್ಲಿ ಪಡೆಯಿರಿ. ‘ಇಲ್ಲಿ ಕೊರೆಸಬೇಡಿ’ ಎಂಬ ಉತ್ತರ ಬಂದರೆ ಪರೀಕ್ಷೆಯ ದುಡ್ಡು ದಂಡವಾಯಿತೆಂದು ಕೊರಗಬೇಡಿ. ದೊಡ್ಡ ಸಾಲ ತಪ್ಪಿತೆಂದು ತಿಳಿಯಿರಿ.

ಒಬ್ಬೊಬ್ಬರೇ ಮಾಡಿಸಿದರೆ ಖರ್ಚು ಹೆಚ್ಚು. ಹಾಲಿನ ಸಂಘದ ಸದಸ್ಯೆಯರು ಸೇರಿ ಭೂವಿಜ್ಞಾನಿಯನ್ನು ಒಂದೇ ದಿನ ಕರೆಸಿದರೆ ಖರ್ಚು ಹಂಚಿಹೋಗುತ್ತದೆ. ಯಾರ ಹೊಲದಲ್ಲಿ ಅಳತೆ ಏನು ಬಂತು, ಎಷ್ಟು ಅಡಿಗೆ ನೀರು ಸಿಕ್ಕಿತು, ಯಾವುದು ಬತ್ತಿತು ಎಂಬುದನ್ನು ಸಂಘದಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ಫ್ಯಾಟ್, ಎಸ್‌ಎನ್‌ಎಫ್ ನೋಡದೆ ನಾವು ಹಾಲಿನ ಬೆಲೆ ಒಪ್ಪುವುದಿಲ್ಲ. ಅಳತೆ ನೋಡದೆ ನೆಲ ಕೊರೆಸಲು ಏಕೆ ಒಪ್ಪಬೇಕು?