ಅರಳು ಮರಳು ಅಂತ ಬಿಟ್ಟರೆ ನಷ್ಟ ಮನೆಯವರಿಗೇ

ನಿಮ್ಹಾನ್ಸ್ ಜತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಕಾರ್ಯಕ್ರಮ ಮಿದುಳು ಆರೋಗ್ಯ ಕ್ಲಿನಿಕ್ಕನ್ನು ಜಿಲ್ಲಾ ಆಸ್ಪತ್ರೆ ಮಟ್ಟಕ್ಕೆ ತಂದಿದೆ. ಆದರೆ ತಡ ಆಗುತ್ತಿರುವುದು ಮನೆಯಲ್ಲೇ.

ಹಿರಿಯರು ಅಂಗಡಿಯಲ್ಲಿ ಕೊಟ್ಟ ದುಡ್ಡನ್ನೇ ಮತ್ತೆ ಕೊಟ್ಟರೆ, ಮನೆ ದಾರಿ ತಪ್ಪಿದರೆ 'ಅರಳು ಮರಳು' ಅಂತ ಸುಮ್ಮನಾಗುವವರೇ ಜಾಸ್ತಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾದರೆ ಅದಕ್ಕೆ ಚಿಕಿತ್ಸೆ ಇದೆ.

ಅಲ್ಝೈಮರ್ ಆದರೆ ಪೂರ್ತಿ ವಾಸಿಯಾಗಲ್ಲ. ಡೊನೆಪೆಜಿಲ್, ಮೆಮಾಂಟಿನ್ ಮಾತ್ರೆಗಳು ಕೆಲವರಿಗೆ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ, ಅಷ್ಟೆ. ಹಾಗಾಗಿ ಡಾಕ್ಟರ್ ಹತ್ತಿರ ಮನೆಯವರೂ ಹೋಗಬೇಕು. ಈಗ ತಗೊಳ್ಳುತ್ತಿರುವ ಎಲ್ಲಾ ಮಾತ್ರೆ ತೋರಿಸಬೇಕು, ಕೆಲವು ನಿದ್ದೆ ಮಾತ್ರೆಗಳೇ ಮರೆವು ಹೆಚ್ಚಿಸಬಹುದು. ಹೊಸ ಮಾತ್ರೆಯಿಂದ ಲಾಭ ಎಷ್ಟು, ಅಡ್ಡಪರಿಣಾಮ ಏನು, ಯಾವಾಗ ನಿಲ್ಲಿಸಬೇಕು ಅಂತ ಕೇಳಲೇಬೇಕು.