ಭಯಾನಕ ಚಿತ್ರಕಥೆಗಳ ಮೇಲಣ ಅಪವಾದ

ಚಿತ್ರಕಥೆಯೆಂದರೆ ಮಕ್ಕಳ ಆಟಿಕೆ, ಭಯಾನಕ ಚಿತ್ರಕಥೆಯೆಂದರೆ ಮಕ್ಕಳಿಗೂ ಸಲ್ಲದ ವಿಷ ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿ ವಿಚಾರಣೆಯಿಲ್ಲದೆಯೇ ಸಿದ್ಧಾಂತವಾಗಿ ನಿಂತಿದೆ. ಓದಿ ಖಂಡಿಸುವವರೊಡನೆ ವಾದಕ್ಕೆ ಅವಕಾಶವುಂಟು. ಮುಖಪುಟವನ್ನು ಕಂಡೊಡನೆ ಬಹಿಷ್ಕಾರ ಹಾಕುವವರೊಡನೆ ಏನೆಂದು ವಾದಿಸುವುದು? ಈ ಬಹಿಷ್ಕಾರಕ್ಕೆ ಅತ್ಯಂತ ಕಠಿನವಾಗಿ ಗುರಿಯಾದುದು ಅಮೆರಿಕದ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ಎಂದರೆ ‘ಗೋರಿಯ ನೆಲಮಾಳಿಗೆಯ ಕಥೆಗಳು’ ಎಂಬ ಮಾಲೆ. ಅದನ್ನು ತೆರೆದು ಓದಿದರೆ ಅಪವಾದದ ಟೊಳ್ಳುತನ ತಾನಾಗಿಯೇ ಬಯಲಾಗುವುದು.

ನ್ಯೂಯಾರ್ಕಿನ ಇ.ಸಿ. ಸಂಸ್ಥೆಯ ಒಡೆಯನಾದ ವಿಲಿಯಂ ಗೇನ್ಸನೂ ಸಂಪಾದಕನಾದ ಆಲ್ ಫೆಲ್ಡ್‌ಸ್ಟೈನನೂ ಕೂಡಿ 1950ರಲ್ಲಿ ಹೊರಡಿಸಿದ ಮಾಲೆಯಿದು. ಬೆಲೆ 10 ಸೆಂಟು. ಸಂಚಿಕೆಗೆ ಸಾಮಾನ್ಯವಾಗಿ 4 ಕಥೆಗಳು. ಗೋರಿಯ ಕಾವಲುಗಾರನೊಬ್ಬನು ನಗುನಗುತ್ತ ಕಥೆಯನ್ನು ಆರಂಭಿಸಿ, ಕೊನೆಯಲ್ಲಿ ಕುಚೋದ್ಯದ ಮಾತೊಂದನ್ನಾಡಿ ವಾಚಕನನ್ನು ಬೀಳ್ಕೊಡುತ್ತಾನೆ. ವಿಕ್ರಮನ ಹೆಗಲೇರಿ ನ್ಯಾಯಾನ್ಯಾಯಗಳನ್ನು ಕೇಳಿದ ಬೇತಾಳವನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವೆನಿಸದು.

ಕಥೆಗಳ ಸತ್ತ್ವವೆಂತಹದು? 1955ರ ಕೊನೆಯ ಸಂಚಿಕೆಯಲ್ಲಿ, ಅಂಧರ ಆಶ್ರಮವೊಂದರ ಅಧಿಕಾರಿ ನಿವಾಸಿಗಳನ್ನು ಹಸಿವಿಗೂ ಚಳಿಗೂ ಒಪ್ಪಿಸಿ, ತಾನು ಮಾತ್ರ ನಾಯಿಯೊಡನೆ ಸುಖವಾಗಿರುತ್ತಾನೆ. ಅಂಧರು ಇಕ್ಕಟ್ಟಾದ ಓಣಿಯೊಂದನ್ನು ಕಟ್ಟಿ, ಗೋಡೆಗಳಿಗೆ ಕ್ಷೌರದ ಅಲಗುಗಳನ್ನು ನೆಟ್ಟು, ಹಸಿದ ಆ ನಾಯಿಯನ್ನೇ ಅವನ ಬೆನ್ನಿಗೆ ಬಿಟ್ಟು, ದೀಪವನ್ನಾರಿಸುತ್ತಾರೆ. ಕತ್ತಲೆಯೆಂದರೇನೆಂಬುದು ಅವನಿಗೆ ಆಗ ತಿಳಿಯುತ್ತದೆ. ಘೋರವೆನ್ನಬಹುದು, ಅನೀತಿಯೆನ್ನಲಾದೀತೆ? ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಗೆ ಇದಕ್ಕಿಂತ ಸ್ಫುಟವಾದ ವ್ಯಾಖ್ಯಾನ ಅಪರೂಪ.

ಅಪವಾದವನ್ನು ಹೊರಿಸಿದವರಲ್ಲಿ ಪ್ರಮುಖನು ಫ್ರೆಡ್ರಿಕ್ ವರ್ಥಮ್. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಬಡವರಿಗಾಗಿ ಮಾನಸಿಕ ಚಿಕಿತ್ಸಾಲಯವನ್ನು ನಡೆಸಿದ ಆ ವೈದ್ಯನ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಸದುದ್ದೇಶವು ಪ್ರಮಾಣವಾಗದೆಂಬುದಷ್ಟೇ ಮಾತು. ಬಾಲಾಪರಾಧಕ್ಕೆ ಚಿತ್ರಕಥೆಗಳು ಕಾರಣವೆಂದು ಅವನು 1954ರಲ್ಲಿ ಗ್ರಂಥ ಬರೆದನು. ಅದೇ ವರ್ಷದ ಏಪ್ರಿಲಿನಲ್ಲಿ ಸೆನೇಟಿನ ಉಪಸಮಿತಿಯ ಮುಂದೆ ಸಾಕ್ಷ್ಯವನ್ನೂ ನುಡಿದನು. ಇ.ಸಿ. ಸಂಸ್ಥೆಯದೇ ಇನ್ನೊಂದು ಮಾಲೆಯ ಕಥೆಯೊಂದು ಜನಾಂಗದ್ವೇಷವನ್ನು ಬೋಧಿಸುತ್ತದೆಂದು ಅಲ್ಲಿ ದೂರಿದನು. ಆ ಕಥೆಯಲ್ಲಿ ನಡೆಯುವುದೇನು? ಮಗಳು ಮೆಕ್ಸಿಕೋ ಮೂಲದ ಯುವಕನನ್ನು ಪ್ರೀತಿಸಿದಳೆಂದು ಕ್ರುದ್ಧನಾದ ತಂದೆ ಮುಸುಕುಧಾರಿಗಳ ಗುಂಪನ್ನು ಕೂಡಿಸುತ್ತಾನೆ. ಕತ್ತಲಲ್ಲಿ ಅವರು ಹೊಡೆದು ಕೊಂದದ್ದು ಅವನ ಮಗಳನ್ನೇ. ದ್ವೇಷಿಯ ಬಾಯಿಂದ ಬಂದ ಮಾತನ್ನು ಕವಿಯ ಮತವೆಂದು ಹಿಡಿದರೆ, ಶಕುನಿಯ ನುಡಿಗಳಿಗಾಗಿ ವ್ಯಾಸರನ್ನೇ ದಂಡಿಸಬೇಕಾದೀತು! ವರ್ಥಮನು ತನ್ನ ಆಧಾರಗಳನ್ನು ತಿದ್ದಿ ಮಾರ್ಪಡಿಸಿದ್ದನೆಂಬುದನ್ನು, ಅವನ ಕಾಗದಪತ್ರಗಳನ್ನು ಪರಿಶೀಲಿಸಿದ ವಿದುಷಿ ಕ್ಯಾರಲ್ ಟಿಲಿ 2012ರಲ್ಲಿ ಪ್ರಕಟಪಡಿಸಿದರು.

ಭಯಾನಕ, ಬೀಭತ್ಸಗಳನ್ನು ಭರತಮುನಿಯು ರಸಗಳ ಪಂಕ್ತಿಯಿಂದ ಎಬ್ಬಿಸಿ ಕಳುಹಲಿಲ್ಲ. ದುಶ್ಶಾಸನನ ರಕ್ತವನ್ನು ಭೀಮನು ಕುಡಿಯುವ ಪ್ರಸಂಗವನ್ನು ಗಮಕಿಗಳಿಂದ ಓದಿಸಿ, ಮಕ್ಕಳನ್ನೂ ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಕೇಳುವ ಮನೆತನಗಳು, ಕಾಗದದ ಮೇಲಣ ಕೆಂಪು ಮಸಿಗೆ ಹೌಹಾರುವುದು ಸೋಜಿಗವೇ ಸರಿ.

ಈ ಹೌಹಾರಿಕೆಯ ಫಲವೇನಾಯಿತು? ಪ್ರಕಾಶಕರು 1954ರಲ್ಲಿ ತಾವೇ ಒಂದು ನಿಯಮಾವಳಿಯನ್ನು ರಚಿಸಿ, ಭಯಸೂಚಕವಾದ ‘ಹಾರರ್’, ‘ಟೆರರ್’ ಎಂಬ ಪದಗಳನ್ನು ಶೀರ್ಷಿಕೆಗಳಿಂದ ತೆಗೆದರು. ಪ್ರೇತ ಪಿಶಾಚಿಗಳನ್ನು ಪುಟಗಳಿಂದ ಓಡಿಸಿದರು. ಮಾಲೆಯು 46ನೆಯ ಸಂಚಿಕೆಯೊಡನೆ ನಿಂತಿತು. ಪಿಶಾಚಿ ಹೋದ ಮೇಲೆ ನೀತಿ ಬಂದಿತೆ? ಇಲ್ಲ. ವರ್ಣಭೇದವನ್ನು ಖಂಡಿಸುವ ‘ಜಡ್ಜ್‌ಮೆಂಟ್ ಡೇ’ ಎಂಬ ಕಥೆಯನ್ನು ಗೇನ್ಸನು ಮರುಮುದ್ರಿಸಹೊರಟಾಗ, ಅದರ ನಾಯಕನು ಕಪ್ಪು ಮೈಬಣ್ಣದವನೆಂಬುದಕ್ಕೇ ನಿಯಮಾಧಿಕಾರಿ ಆಕ್ಷೇಪಿಸಿದನು. ಬಳಿಕ ಅವನ ಮುಖದ ಬೆವರಹನಿಗಳನ್ನಾದರೂ ಅಳಿಸೆಂದನು. ಗೇನ್ಸನು ಒಪ್ಪದೆ, 1956ರಲ್ಲಿ ಇದ್ದಂತೆಯೇ ಅಚ್ಚುಹಾಕಿಸಿದನು. ಮಕ್ಕಳ ರಕ್ಷಣೆಗೆಂದು ಕಟ್ಟಿದ ಬೇಲಿ ಯಾರನ್ನು ಕಾಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಕಥೆಗಳೆಲ್ಲವೂ ಸಮನಾಗಿಲ್ಲ; ಹಲವು ಒಂದೇ ಎರಕದಲ್ಲಿ ಹೊಯ್ದಂಥವು, ವಿವರಣೆಯ ಮಾತುಗಳು ಚಿತ್ರವನ್ನೇ ಒತ್ತರಿಸುವಷ್ಟು ದೀರ್ಘ. ಎಳೆಯ ಮಕ್ಕಳ ಕೈಗೆ ಇವನ್ನು ಕೊಡಬೇಕೆಂದು ವಿವೇಕಿಗಳಾರೂ ಹೇಳರು. ಬುದ್ಧಿ ಬಲಿತ ತರುಣರೂ ಅವರ ಹಿರಿಯರೂ ದಿನಕ್ಕೊಂದರಂತೆ ಓದುವುದೇ ಲೇಸು. ಒಂದೇ ಬಾರಿಗೆ ನುಂಗಿದರೆ ಬೆರಗು ಸವೆಯುತ್ತದೆ. ಹೊಸಬರು ಜ್ಯಾಕ್ ಡೇವಿಸನ ವಿನೋದಮಿಶ್ರಿತ ರೇಖೆಗಳಿಂದ ತೊಡಗಿ, ಗ್ರಹಾಂ ಇಂಗಲ್ಸನ ಕೊಳೆತು ಸೋರುವ ಛಾಯೆಗಳತ್ತ ಸಾಗಲಿ. ಕಡೆಗೆ, ನಾತ್ಸಿ ಶಿಬಿರದ ಪಾಪವನ್ನು 8 ಪುಟಗಳಲ್ಲಿ ಚಿತ್ರಿಸಿದ ಕ್ರಿಗ್‌ಸ್ಟೈನನ ‘ಮಾಸ್ಟರ್ ರೇಸ್’ ಎಂಬ 1955ರ ಕಥೆಯನ್ನು ಓದಲಿ. ಸಂಪುಟಗಳು ಮರುಮುದ್ರಣಗೊಂಡಿವೆ, ನೆವ ಹೇಳುವಂತಿಲ್ಲ.

ಓದಿದ ಮೇಲೆಯೂ ಖಂಡಿಸುವವರಿದ್ದರೆ ಖಂಡಿಸಲಿ. ಅಂಥವರ ಖಂಡನೆಗೆ ಬೆಲೆಯುಂಟು. ಓದದವರ ಬಹಿಷ್ಕಾರಕ್ಕೆ 10 ಸೆಂಟಿನ ಬೆಲೆಯೂ ಇಲ್ಲ.