ಚುಕ್ಕೆ ಇಡೋ ಲೈಬ್ರರಿಗೂ ಮಾರ್ಕ್ಸ್ ಸಿಗಲಿ

ಫೈನಲ್ ಇಯರ್ ಪ್ರಾಜೆಕ್ಟ್ ಟಾಪಿಕ್ ಕೊಡೋ ಸಮಯ ಬಂತು ಅಂದ್ರೆ ಎಲ್ಲರ ಬಾಯಲ್ಲೂ ಎಐ, ಬ್ಲಾಕ್‌ಚೈನ್, ಐಓಟಿ. ‘ಈಗಾಗಲೇ ಇರೋ ಲೈಬ್ರರಿಯೊಂದನ್ನ ಸುಧಾರಿಸ್ತೀವಿ ಸರ್’ ಅಂದರೆ ‘ಅದರಲ್ಲಿ ಹೊಸದೇನಿದೆ?’ ಅನ್ನೋ ಪ್ರಶ್ನೆ ಬರುತ್ತೆ. ಹೊಸದಲ್ಲದಿದ್ದರೂ ಅದು ಗಟ್ಟಿ ಕೆಲಸ ಎಂಬುದು ನಮ್ಮ ವಾದ. ಒಂದು ಪುಟ್ಟ ಲೈಬ್ರರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಸಾಫ್ಟ್‌ಬಫರ್ ಎಂಬುದು ರಸ್ಟ್ ಭಾಷೆಯ ಓಪನ್ ಸೋರ್ಸ್ ಲೈಬ್ರರಿ. ಅದು ನಮ್ಮ ಕೈಗೆ ಒಂದು ಬಫರ್ ಕೊಡುತ್ತದೆ. ನಾವು ತುಂಬಿದ ಬಣ್ಣಗಳನ್ನು ವಿಂಡೋದಲ್ಲಿ ತೋರಿಸುತ್ತದೆ. ಚಿತ್ರ ಬರೆಯಲು ಜಿಪಿಯು ಬೇಕಿಲ್ಲ. ಪ್ರತಿ ಪಿಕ್ಸೆಲ್‌ಗೆ 32 ಬಿಟ್: ಕೆಂಪು, ಹಸಿರು, ನೀಲಿಗೆ ತಲಾ 8, ಉಳಿದ 8 ಖಾಲಿ.

ಇಷ್ಟೇನಾ? ಹೊರಗಿನಿಂದ ನೋಡಿದರೆ ಇಷ್ಟೇ. ಆದರೆ ಒಳಗೆ ವಿಂಡೋಸ್‌ಗೆ ಜಿಡಿಐ, ಮ್ಯಾಕ್‌ಗೆ ಕೋರ್ ಗ್ರಾಫಿಕ್ಸ್, ಲಿನಕ್ಸ್‌ಗೆ ಎಕ್ಸ್11 ಅಥವಾ ವೇಲ್ಯಾಂಡ್, ಬ್ರೌಸರ್‌ಗೆ ಕ್ಯಾನ್ವಾಸ್. ಒಬ್ಬೊಬ್ಬರದು ಒಂದೊಂದು ಹಠ. ಕ್ಯಾನ್ವಾಸ್‌ಗೆ ಬಣ್ಣಗಳ ಬೈಟ್ ಕ್ರಮವೇ ಬೇರೆ. ವೇಲ್ಯಾಂಡ್‌ಗೆ ಒಮ್ಮೆ ಬಫರ್ ಒಪ್ಪಿಸಿದರೆ, ಅದು ‘ಬಿಟ್ಟೆ’ ಅನ್ನೋವರೆಗೂ ನಾವು ಮುಟ್ಟೋ ಹಾಗಿಲ್ಲ. ಆಂಡ್ರಾಯ್ಡ್ ಕೊಡುವ ಬಫರ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಖಾಲಿ ಜಾಗ ಇರಬಹುದು. ‘ಸಾಲುಗಳ ನಡುವೆ ಸಂದಿಯೇ ಇಲ್ಲ’ ಎಂದು ಲೈಬ್ರರಿ ಮಾತು ಕೊಟ್ಟರೆ, ಅಂಥ ಕಡೆ ಇಡೀ ಚಿತ್ರವನ್ನು ಇನ್ನೊಮ್ಮೆ ನಕಲು ಮಾಡಲೇಬೇಕು.

ಒಂದು ನಕಲು ತಾನೇ ಅಂತೀರಾ? ಲೆಕ್ಕ ಹಾಕಿ. 1920×1080 ಪರದೆಯಲ್ಲಿ 20,73,600 ಪಿಕ್ಸೆಲ್. ತಲಾ 4 ಬೈಟ್‌ನಂತೆ ಸುಮಾರು 8.3 ಎಂಬಿ. ಸೆಕೆಂಡಿಗೆ 60 ಸಲ ಅಂದ್ರೆ ಸುಮಾರು 500 ಎಂಬಿ ಬರೀ ನಕಲಿಗೆ! ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಸುಮ್ಮನೆ ಇಳಿಯಲು ಇಂಥವೂ ಕಾರಣ. ಅದಕ್ಕೇ ಸಾಲಿನ ನಿಜವಾದ ಉದ್ದವನ್ನು ಬಳಸುವವರಿಗೆ ತಿಳಿಸಿ, ನಕಲು ತಪ್ಪಿಸುವ ವಿನ್ಯಾಸ ಒಳ್ಳೆಯದು ಅನ್ನೋದು ನಮ್ಮ ಅಭಿಪ್ರಾಯ. ಕೋಡ್ ಬರೆಯುವವರಿಗೆ ಒಂದು ಗುಣಾಕಾರ ಹೆಚ್ಚಾಗುತ್ತೆ, ನಿಜ. ಆ ಸಣ್ಣ ಕಷ್ಟ ಪಡಬಹುದು.

ಇನ್ನೊಂದು ದಾರಿ, ಬದಲಾದ ಭಾಗವನ್ನಷ್ಟೇ ಕಳಿಸುವುದು. ಎಡಿಟರ್‌ನಲ್ಲಿ ಮಿಟುಕುವ ಕರ್ಸರ್ 2×20 ಇದ್ದರೆ ಅದು 160 ಬೈಟ್. ಅದಕ್ಕಾಗಿ 8.3 ಎಂಬಿ ಯಾಕೆ ಓಡಾಡಬೇಕು? ಸಾಫ್ಟ್‌ಬಫರ್‌ನಲ್ಲಿ ಈ ಸೌಲಭ್ಯ ಇದೆ, ಆದರೆ ಎಲ್ಲ ಪ್ಲಾಟ್‌ಫಾರ್ಮ್‌ಗಳಲ್ಲೂ ಇಲ್ಲ. ಇಲ್ಲದ ಕಡೆ ಇಡೀ ಚಿತ್ರವೇ ಹೋಗುತ್ತದೆ. ಕೈ ಹಾಕೋಕೆ ಇದು ಒಳ್ಳೆಯ ಜಾಗ ಅಲ್ವಾ?

ಕನ್ನಡದ ಒತ್ತಕ್ಷರಗಳನ್ನೂ ಇದೇ ಬಿಡಿಸಲಿ ಅಂತ ಮಾತ್ರ ಕೇಳಬಾರದು. ಅಕ್ಷರ ಜೋಡಿಸೋಕೆ ಹಾರ್ಫ್‌ಬಜ್ ಇದೆ, ಅದನ್ನು ಚುಕ್ಕೆಗಳಾಗಿಸೋಕೆ ಫ್ರೀಟೈಪ್ ಇದೆ. ಎಲ್ಲವನ್ನೂ ಒಂದೇ ಲೈಬ್ರರಿಯ ತಲೆಗೆ ಕಟ್ಟಿದರೆ ನೋಡಿಕೊಳ್ಳುವವರು ಸುಸ್ತಾಗುತ್ತಾರೆ.

‘ಪ್ಯಾಚ್ ಸ್ವೀಕಾರ ಆಗದಿದ್ದರೆ ಮಾರ್ಕ್ಸ್ ಹೇಗೆ ಕೊಡೋದು?’ ಮೇಷ್ಟ್ರುಗಳ ಈ ಪ್ರಶ್ನೆ ನ್ಯಾಯವಾದದ್ದೇ. ಸ್ವೀಕಾರಕ್ಕೇ ಅಂಕ ಅಂತ ಇಟ್ಟರೆ ಅಪಾಯವೂ ಇದೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಟೀ ಶರ್ಟ್ ಆಸೆಗೆ ಒಂದೆರಡು ಪದ ತಿದ್ದಿದ ಪ್ಯಾಚ್‌ಗಳು ರಾಶಿ ಬಿದ್ದು, ಲೈಬ್ರರಿ ನಡೆಸುವವರಿಗೆ ತಲೆನೋವಾಗಿತ್ತು. ಆ ಗುಂಪಿಗೆ ನಾವು ಸೇರೋದು ಬೇಡ. ತಪ್ಪನ್ನು ಮರುಕಳಿಸಿ ತೋರಿಸಿದ್ದು, ಮೊದಲು ಮತ್ತು ನಂತರದ ಅಳತೆ, ಬರೆದ ಟೆಸ್ಟ್, ವಿಮರ್ಶೆಗೆ ಕೊಟ್ಟ ಉತ್ತರ - ಇವಕ್ಕೆ ಅಂಕ ಕೊಡಲಿ. ಇವೆಲ್ಲ ಸ್ವೀಕಾರವಾಗಲಿ ಬಿಡಲಿ, ವೈವಾದಲ್ಲಿ ಪರೀಕ್ಷಿಸಬಹುದಾದ ಸಂಗತಿಗಳು.

ಮುಂದಿನ ಬ್ಯಾಚ್‌ಗಾದರೂ ಟಾಪಿಕ್ ಪಟ್ಟಿಯಲ್ಲಿ ‘ಇರುವ ಲೈಬ್ರರಿಯ ಸುಧಾರಣೆ’ ಅಂತ ಒಂದು ಸಾಲು ಸೇರಿಸಿ ಎಂದು ವಿಭಾಗವನ್ನು ಕೇಳುತ್ತಿದ್ದೇವೆ. ಜೂನಿಯರ್‌ಗಳೇ, ನಿಮ್ಮ ಹಾಸ್ಟೆಲ್ ರೂಮಿನಲ್ಲೇ ವಿಂಡೋಸ್, ಉಬುಂಟು, ಆಂಡ್ರಾಯ್ಡ್ ಮೂರೂ ಇವೆ. ಟೆಸ್ಟ್ ಮಾಡೋಕೆ ಬೇರೆ ಲ್ಯಾಬ್ ಯಾಕೆ?